ಬೆಳ್ಳವ್ವನನ್ನು ಕಳಿಸಿಕೊಟ್ಟ ಪ್ರಯಾಣ

ಕಾರಹುಣ್ಣಿಮೆ ಮುಗಿದ ಎರಡನೆಯ ದಿನ, ಬೆಳಿಗ್ಗೆ ಆರೂವರೆಗೆ, ನಾನೂ ನನ್ನ ಹೆಂಡತಿ ನೀಲಮ್ಮನೂ ಕೊಪ್ಪಳದ ನಮ್ಮ ಮನೆಯ ಮುಂದಿನ ಇಳಿಜಾರಿನಿಂದ ಹೊರಟೆವು. ಇಳಿಜಾರು ಎಂದು ಬೇಕೆಂತಲೇ ಬರೆದಿದ್ದೇನೆ. ನಮ್ಮ ಗಾಡಿಯ ಸೆಲ್ಫ್ ಕೆಟ್ಟು ಒಂದು ವರ್ಷವಾಯಿತು. ಕೀಲಿ ತಿರುವಿದರೆ ‘ಕಟ್’ ಎಂದು ಒಂದು ಸದ್ದು ಬರುತ್ತದೆ, ಅಷ್ಟೇ. ಇಳಿಜಾರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು, ನಾಲ್ಕು ಮಾರು ಉರುಳಿದ ಮೇಲೆ ಎರಡನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಮಾತ್ರ ಎಂಜಿನ್‌ಗೆ ಎಚ್ಚರವಾಗುತ್ತದೆ. ನಾನು ಸರ್ವೇಯರ್ ಆಗಿ ಮೂವತ್ತೆರಡು ವರ್ಷ ಈ ಭಾಗದ ಹೊಲಗಳನ್ನು ಅಳೆದವನು. ನಿವೃತ್ತಿಯಾದ ಮೇಲೆ ಆ ವಿದ್ಯೆ ಉಪಯೋಗಕ್ಕೆ ಬಂದದ್ದು ಇದೊಂದಕ್ಕೇ. ಯಾವ ಊರಿನ ಯಾವ ಓಣಿ ಯಾವ ದಿಕ್ಕಿಗೆ ಇಳಿಯುತ್ತದೆ ಎಂಬುದು ನನಗೆ ಬಾಯಿಪಾಠ.

ಗಾಡಿಯ ಹೆಸರು ಬೆಳ್ಳವ್ವ. ಹತ್ತು ಸೀಟಿನ ಬಿಳಿ ಡೀಸೆಲ್ ಗಾಡಿ. ಹದಿನೈದು ವರ್ಷದ ಹಿಂದೆ ಒಂದು ಶ್ರಾವಣದಲ್ಲಿ ಮನೆಗೆ ತಂದಾಗ ನೀಲಮ್ಮನೇ ಅರಿಷಿಣ ಕುಂಕುಮ ಹಚ್ಚಿ ಆ ಹೆಸರಿಟ್ಟಳು. ಬರುವ ಆಗಸ್ಟ್‌ನಲ್ಲಿ ಅದರ ನೋಂದಣಿ ಮುಗಿಯುತ್ತದೆ. ಸರಕಾರ ನನ್ನನ್ನು ಅರವತ್ತಕ್ಕೆ ಮನೆಗೆ ಕಳಿಸಿತು, ಗಾಡಿಯನ್ನು ಹದಿನೈದಕ್ಕೇ ಕಳಿಸುತ್ತದೆ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅದರ ಫಲವಾಗಿ ಓಣಿಯವರೆಲ್ಲ ಕಾನೂನು ಪಂಡಿತರಾದರು. ಅವಧಿ ಮುಗಿದ ಮರುದಿನವೇ ಬಂದು ಎಳೆದೊಯ್ಯುತ್ತಾರೆ ಎಂದು ಒಬ್ಬರು, ಎಳೆದೊಯ್ಯುವ ಖರ್ಚನ್ನೂ ನಾವೇ ಕೊಡಬೇಕು ಎಂದು ಇನ್ನೊಬ್ಬರು. ಕೊನೆಗೆ ಸಾರಿಗೆ ಕಚೇರಿಗೇ ಹೋಗಿ ಕೇಳಿದೆ. ಅಲ್ಲಿಯ ಗುಮಾಸ್ತರು ತಲೆ ಎತ್ತದೆ, ಗಾಡಿ ತನ್ನಿ, ಪರೀಕ್ಷೆ ಮಾಡುತ್ತೇವೆ, ಪಾಸಾದರೆ ಶುಲ್ಕ ಕಟ್ಟಿ, ಇನ್ನು ಐದು ವರ್ಷ ಓಡಿಸಿ ಎಂದರು. ಉತ್ತರ ಇಷ್ಟು ಸರಳವಾಗಿದ್ದುದರಿಂದ ಯಾರೂ ಅದನ್ನು ನಂಬಲಿಲ್ಲ, ನಾನೂ ನಂಬಲಿಲ್ಲ.

ಸೆಲ್ಫ್ ಇಲ್ಲದ, ಕರಿ ಹೊಗೆ ಬಿಡುವ ಗಾಡಿ ಪರೀಕ್ಷೆ ಪಾಸಾಗುವುದೆಂತು? ಅವಧಿ ಮುಗಿಯುವ ಮೊದಲೇ ಮಾರಿಬಿಡುವುದು ಜಾಣತನ ಎಂದು ನಾನು ತೀರ್ಮಾನಿಸಿದೆ. ತಳಕಲ್ಲಿನ ದ್ಯಾಮಣ್ಣ ಎಂಬ ಕುರಿ ಸಾಕುವವನು ಫೋನಿನಲ್ಲಿ ಮಾತು ಮುಗಿಸಿದ್ದ. ಕುರಿ ಹಿಂಡು ಎಲ್ಲಿ ತಂಗಿದೆಯೋ ಅಲ್ಲಿಗೆ ಬುತ್ತಿ ನೀರು ಮುಟ್ಟಿಸಲು ಅವನಿಗೊಂದು ಗಟ್ಟಿ ಗಾಡಿ ಬೇಕಾಗಿತ್ತು. ನೀಲಮ್ಮ ಮಾತ್ರ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾತಾಡಿದಳು: ಕಳಿಸುವುದೇ ಆದರೆ ಬೇಕಾದವರಿಗೆಲ್ಲ ತೋರಿಸಿ ಕಳಿಸಬೇಕು, ತಾನೂ ಬರುತ್ತೇನೆ. ಹೀಗಾಗಿ ಒಂದು ತಾಸಿನೊಳಗೆ ಮುಟ್ಟಬಹುದಾದ ತಳಕಲ್ಲಿಗೆ ನಾವು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಿ ಎರಡು ದಿನದಲ್ಲಿ ಮುಟ್ಟಿದೆವು. ನಾನು ಗಟ್ಟಿ ಮನಸ್ಸಿನವನು, ಇಂಥದ್ದಕ್ಕೆಲ್ಲ ಕರಗುವವನಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ದೂರದ ಲೆಕ್ಕ ಕೇಳುವ ಓದುಗರಲ್ಲಿ ಒಂದು ಅರಿಕೆ. ನಮ್ಮ ಗಾಡಿಯ ಮೀಟರ್ ನಿಂತು ಎರಡು ವರ್ಷವಾಗಿದೆ. ಅಳತೆಯನ್ನೇ ಉಂಡು ಬದುಕಿದ ಸರ್ವೇಯರನಿಗೆ ಇದಕ್ಕಿಂತ ಅವಮಾನವಿಲ್ಲ, ಆದರೂ ಇಲ್ಲಿ ಬರೆಯುವ ಕಿಲೋಮೀಟರುಗಳೆಲ್ಲ ಹಾದಿಯ ಜನ ಹೇಳಿದ್ದು.

ಮೊದಲ ನಿಲ್ದಾಣ ಗಿಣಿಗೇರಾ, ಹತ್ತು ಹನ್ನೆರಡು ಕಿಲೋಮೀಟರ್. ರಸ್ತೆ, ಗಿಡದ ಎಲೆ, ಚಹಾದಂಗಡಿಯ ತಗಡು, ಎಲ್ಲಕ್ಕೂ ಕಾರ್ಖಾನೆ ಧೂಳಿನ ಒಂದೇ ಬಣ್ಣ. ಬೆಳ್ಳವ್ವ ಹೊಗೆ ಬಿಟ್ಟರೂ ಯಾರೂ ತಿರುಗಿ ನೋಡದ ಊರು ಇದೊಂದೇ. ಇಲ್ಲಿ ನನ್ನ ಅಕ್ಕನ ಮಗ ಮಂಜುನಾಥ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾನೆ. ರಾತ್ರಿ ಪಾಳಿ ಮುಗಿಸಿ ಬಂದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲ ತಗಡನ್ನು ಬೆರಳಿನಿಂದ ಬಡಿದು, ನಮಗೆ ಸಮಾಧಾನ ಹೇಳಿದ.

“ಚಿಂತಿ ಮಾಡಬ್ಯಾಡ್ರಿ ಮಾಮಾ. ಇವತ್ತಲ್ಲ ನಾಳಿ ಗುಜರಿಗೆ ಹೋದ್ರೂ ನಮ್ಮ ಭಟ್ಟಿಗೇ ಬರತೈತಿ. ನಾ ಅದೀನಲ್ಲ, ನೋಡ್ಕೋತೀನಿ.”

ನೀಲಮ್ಮ ಅರ್ಧ ಕುಡಿದ ಚಹಾ ಕೆಳಗಿಟ್ಟು ಗಾಡಿ ಹತ್ತಿ ಕುಳಿತಳು. ಪಾಪ, ಅವನು ಪ್ರೀತಿಯಿಂದಲೇ ಹೇಳಿದ್ದ. ಊರ ಕೊನೆ ದಾಟುವವರೆಗೂ ಅವಳು ನನ್ನ ಅಕ್ಕನ ಮನೆತನದ ಬುದ್ಧಿಯನ್ನು ಒಂದೊಂದಾಗಿ ವಿವರಿಸಿದಳು, ನಾನು ಗೇರಿನ ಸದ್ದು ಜೋರಾಗಿದೆ ಎಂದು ಕೇಳಿಸದವನಂತೆ ಇದ್ದೆ.

ಅಲ್ಲಿಂದ ಗಂಗಾವತಿಗೆ ಮೂವತ್ತೈದು ಕಿಲೋಮೀಟರ್ ಎಂದರು. ಬೂದಗುಂಪಾ ದಾಟಿದ ಮೇಲೆ ಮೋಡ ಮುಚ್ಚಿತು, ಗಾಳಿ ಎದ್ದಿತು, ಮಳೆ ಮಾತ್ರ ಬರಲಿಲ್ಲ. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಭತ್ತದ ಗದ್ದೆಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಗಂಗಾವತಿಯ ದೊಡ್ಡ ದೋಷವೆಂದರೆ ಸಪಾಟು. ನೀರಾವರಿಗೆ ಅದು ವರ, ಸೆಲ್ಫ್ ಇಲ್ಲದವನಿಗೆ ಶಾಪ. ಇಡೀ ಊರಿನಲ್ಲಿ ನನಗೆ ಗೊತ್ತಿರುವ ಭರವಸೆಯ ಇಳಿಜಾರು ಕಾಲುವೆಯ ದಂಡೆಯಿಂದ ಇಳಿಯುವ ದಾರಿ ಒಂದೇ. ಅಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಖಾಜಾಸಾಬರ ಗ್ಯಾರೇಜಿಗೆ ನಡೆದು ಹೋದೆವು. ಹದಿನೈದು ವರ್ಷ ಬೆಳ್ಳವ್ವನ ನಾಡಿ ಹಿಡಿದವರು ಅವರೇ.

ಖಾಜಾಸಾಬರು ದಂಡೆಯವರೆಗೂ ಬಂದು ಬಾನೆಟ್ ಎತ್ತಿ, ಕಿವಿಗೊಟ್ಟು, ಡೀಸೆಲ್ ಹನಿಯನ್ನು ಬೆರಳಿನಲ್ಲಿ ಉಜ್ಜಿ ಮೂಸಿ ನೋಡಿದರು. ಎಂಜಿನ್‌ಗೆ ಇನ್ನೂ ಹತ್ತು ವರ್ಷ ಏನೂ ಆಗುವುದಿಲ್ಲ. ಫಿಲ್ಟರು, ನಾಜಲ್ಲು ಸ್ವಚ್ಛ ಮಾಡಿದರೆ ಹೊಗೆ ನಿಲ್ಲುತ್ತದೆ. ಸೆಲ್ಫಿನ ಸಾಮಾನು ಮಾತ್ರ ಈಗ ಬರುತ್ತಿಲ್ಲ, ಹುಬ್ಬಳ್ಳಿಯ ಹಳೆ ಬಜಾರಿನಲ್ಲಿ ಹುಡುಕಿಸಬೇಕು, ತಿಂಗಳಾದರೂ ಬೇಕು ಎಂದರು. ದಿಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಗಳನ್ನೇ ಬಿಡುವುದಿಲ್ಲವಂತಲ್ಲ ಎಂದು ನಾನು ಕೇಳಿದೆ. ದಿಲ್ಲಿಯ ಕಾನೂನು ದಿಲ್ಲಿಗೆ, ಗಂಗಾವತಿಯ ಗಾಳಿಯಲ್ಲಿ ಇನ್ನೂ ಜಾಗ ಐತಿ ಎಂದು ಅವರು ಕೈ ಒರೆಸಿಕೊಂಡರು. ಮಾರಲು ಹೊರಟಿದ್ದೇನೆ ಎಂದಾಗ ಮಾತ್ರ ಬಾನೆಟ್ಟನ್ನು ಮೆಲ್ಲಗೆ ಇಳಿಸಿದರು.

“ಸರ್ವೇ ಸಾಹೇಬ್ರ, ಮಾರೂದು ನಿಮ್ಮ ಖುಷಿ. ಆದ್ರ ತಗೊಂಡಾಂವ ಇದನ್ನ ಗಂಗಾವತಿಗೇ ತರಬೇಕು ಅಂತ ಹೇಳ್ರಿ. ಬ್ಯಾರೆ ಕೈ ಇದಕ್ಕ ಗೊತ್ತಿಲ್ಲ.”

ನೋಡಿದ ಕೂಲಿ ಎಷ್ಟು ಕೊಟ್ಟರೂ ತೆಗೆದುಕೊಳ್ಳಲಿಲ್ಲ. ನೀಲಮ್ಮ ನನ್ನ ಮುಖ ನೋಡಿದಳು, ನಾನು ಕಾಲುವೆ ನೋಡಿದೆ. ಗಂಗಾವತಿಗೆ ಬಂದು ಅಕ್ಕಿ ಇಲ್ಲದೆ ಹೋಗಬಾರದೆಂದು ಇಪ್ಪತ್ತೈದು ಕೆ.ಜಿ.ಯ ಒಂದು ಚೀಲ ಸೋನಾಮಸೂರಿಯನ್ನು ಹಿಂದಿನ ಸೀಟಿಗೆ ಹಾಕಿಸಿಕೊಂಡೆವು. ಖಾನಾವಳಿಯಲ್ಲಿ ಊಟ ಮುಗಿಸಿ, ಕಲ್ಲು ತೆಗೆದು, ದಂಡೆಯಿಂದ ಉರುಳಿ ಹೊರಟೆವು.

ಕನಕಗಿರಿ, ತಾವರಗೇರಾ ದಾಟಿ ಕುಷ್ಟಗಿಗೆ ಎಪ್ಪತ್ತು ಕಿಲೋಮೀಟರ್. ತಾವರಗೇರಾದಲ್ಲಿ ಮಿರ್ಚಿ ಮಂಡಕ್ಕಿ ತಿಂದೆವು. ಅಂಗಡಿಯವನು ಬಾಣಲೆಯಿಂದ ಕಣ್ಣು ಕೀಳದೆ, ಇನ್ನೈದು ವರ್ಷಕ್ಕೆ ಡೀಸೆಲ್ಲೇ ಬಂದ್ ಆಗುತ್ತದೆ, ಎಲ್ಲ ಕರೆಂಟಿನ ಗಾಡಿಗಳೇ ಎಂದು ಘೋಷಿಸಿದ. ಅಷ್ಟರಲ್ಲಿ ಅವನ ಅಂಗಡಿಯ ಕರೆಂಟು ಹೋಯಿತು. ಅವನಿಗೂ ನಗು ಬಂತು, ಎರಡು ಮಿರ್ಚಿ ಹೆಚ್ಚಿಗೆ ಹಾಕಿದ.

ಕುಷ್ಟಗಿಯಲ್ಲಿ ನಮ್ಮ ಮಗಳು ಸಾವಿತ್ರಿಯ ಮನೆ. ಅಳಿಯ ತಾಲ್ಲೂಕು ಕಚೇರಿಯಲ್ಲಿ ನೌಕರ, ಅಂದು ಬೇರೆ ಊರಿನ ಕೆಲಸಕ್ಕೆ ಹೋಗಿದ್ದ. ಅವರ ಮನೆಯ ಮುಂದೆ ಬಂಗಾರದಂಥ ಇಳಿಜಾರಿದೆ. ಸಂಬಂಧ ನೋಡಲು ಬಂದಾಗ ನಾನು ಮೊದಲು ಮೆಚ್ಚಿದ್ದು ಅದನ್ನೇ ಎಂದು ನೀಲಮ್ಮ ಇಂದಿಗೂ ಆಡಿಕೊಳ್ಳುತ್ತಾಳೆ. ಆಗ ಸೆಲ್ಫ್ ಸರಿಯಾಗಿತ್ತು, ಇದು ಶುದ್ಧ ಸುಳ್ಳು.

ಸಾವಿತ್ರಿ ನಮಗಿಂತ ಮೊದಲು ಗಾಡಿಯನ್ನು ಮಾತಾಡಿಸಿದಳು. ಹಿಂದಿನ ಬಾಗಿಲು ತೆಗೆದು ಒಳಗೆ ಹೋಗಿ, ಅಕ್ಕಿ ಚೀಲದ ಪಕ್ಕ ಸುಮ್ಮನೆ ಕುಳಿತುಬಿಟ್ಟಳು. ಹನ್ನೊಂದು ವರ್ಷದ ಹಿಂದೆ ಮದುವೆಯಾಗಿ ಗಂಡನ ಮನೆಗೆ ಬಂದದ್ದು ಅದೇ ಸೀಟಿನಲ್ಲಿ. ಅಂದು ಗಾಡಿ ದಾರಿಯಲ್ಲಿ ಮೂರು ಸಲ ನಿಂತಿತ್ತು, ಬೀಗರ ಮುಂದೆ ನನ್ನ ಮಾನ ಹೋಗಿತ್ತು. ಅವಳು ಈಗ ಹೇಳಿದ್ದೇ ಬೇರೆ. ಪ್ರತಿ ಸಲ ನಿಂತಾಗಲೂ, ಇನ್ನು ಮುಂದೆ ಹೋಗುವುದಿಲ್ಲ, ತಿರುಗಿಸಿ ಕೊಪ್ಪಳಕ್ಕೇ ಕರೆದೊಯ್ಯುತ್ತಾರೆ ಎಂದು ಆಸೆಯಾಗುತ್ತಿತ್ತಂತೆ. ಬೆಳ್ಳವ್ವನಿಗೂ ತನ್ನನ್ನು ಬಿಡಲು ಮನಸ್ಸಿರಲಿಲ್ಲ ಎಂದು ಅವಳು ಹನ್ನೊಂದು ವರ್ಷ ನಂಬಿಕೊಂಡೇ ಬಂದಿದ್ದಳು. ಅದು ಡೀಸೆಲ್ ಫಿಲ್ಟರಿನಲ್ಲಿ ಕಸ ಸಿಕ್ಕಿದ್ದಕ್ಕೆ ಎಂದು ಹೇಳಲು ಬಾಯಿಗೆ ಬಂದದ್ದನ್ನು ನಾನು ನುಂಗಿಕೊಂಡೆ.

ಸಂಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಉಣ್ಣುವಾಗ ಅವಳು ತಾಯಿಗೆ ಹೇಳಿದಳು: “ಯವ್ವಾ, ನನ್ನ ಕಳಸುವಾಗ ಉಡಿ ತುಂಬಿದ್ದಿ. ಇದನ್ನ ಬರೇ ಉಡೀಲೆ ಕಳಸ್ತೀಯೇನು?”

ನಾನು ನಕ್ಕೆ. ಮನೆ ಬಿಟ್ಟು ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ, ಸರಿ. ಕಬ್ಬಿಣದ ಗಾಡಿಗೆ ಸೆರಗೆಲ್ಲಿಂದ ಬರಬೇಕು? ತಾಯಿ ಮಗಳಿಬ್ಬರೂ ನಗಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಗಂಗಾವತಿಯ ಚೀಲದಿಂದ ಐದು ಸೇರು ಅಕ್ಕಿ ಹೊರಬಂದಿತ್ತು, ಉಳಿದದ್ದು ಸಾವಿತ್ರಿಯ ಅಡಿಗೆಮನೆ ಸೇರಿತ್ತು. ಕೊಬ್ಬರಿ ಬಟ್ಟಲು, ಉತ್ತತ್ತಿ, ಐದು ಅರಿಷಿಣ ಕೊಂಬು, ಎಲೆ ಅಡಿಕೆ, ಹಸಿರು ಕುಬಸ, ಎಲ್ಲ ಒಂದು ಗಂಟಾಗಿ ಸೀಟಿನ ಮೇಲೆ ಕುಳಿತಿತ್ತು.

ಎರಡನೆಯ ದಿನ ಕುಷ್ಟಗಿಯಿಂದ ಯಲಬುರ್ಗಾಕ್ಕೆ. ಕೆಂಪು ಮಸಾರಿ ನೆಲ ಮುಗಿದು ಕಪ್ಪು ಎರೆ ನೆಲ ಶುರುವಾಯಿತು. ಅಲ್ಲಲ್ಲಿ ಹೆಸರು ಬಿತ್ತನೆ ಮುಗಿದಿತ್ತು. ತುಂತುರು ಮಳೆ ಬಂತು. ವೈಪರ್ ಬಲಗಡೆಯದು ಮಾತ್ರ ಆಡುವುದರಿಂದ ನಾನು ಮಳೆಯನ್ನೂ ನೀಲಮ್ಮ ಮಂಜನ್ನೂ ನೋಡುತ್ತ ಹೋದೆವು. ಕುಕನೂರಿನಲ್ಲಿ ಇಟಗಿಯ ದಾರಿ ಕಂಡಾಗ ಅವಳು ಬೀಗರು, ಬಿಜ್ಜರು, ನನ್ನ ಸಾಹೇಬರುಗಳು, ಹೀಗೆ ಎಷ್ಟು ಮಂದಿಗೆ ಈ ಗಾಡಿಯಲ್ಲಿ ಮಹಾದೇವ ಗುಡಿ ತೋರಿಸಿದ್ದೇವೆ ಎಂದು ಲೆಕ್ಕ ಹಾಕಿದಳು. ಒಂಬೈನೂರು ವರ್ಷದ ಗುಡಿ. ಅದರ ಫಿಟ್ನೆಸ್ ಸರ್ಟಿಫಿಕೇಟನ್ನು ಯಾರೂ ಕೇಳಿಲ್ಲ ಎಂದಳು. ನಾನು ಗೇರು ಬದಲಿಸಿದೆ.

ದ್ಯಾಮಣ್ಣನ ಮನೆ ತಳಕಲ್ ಊರ ಹೊರಗೆ, ರಸ್ತೆಗೆ ಹತ್ತಿದ ಹೊಲದಲ್ಲಿ. ಹನ್ನೊಂದು ಗಂಟೆಗೆ ಮುಟ್ಟಿದೆವು. ಗಾಡಿಯನ್ನು ಅಂಗಳಕ್ಕೆ ತಿರುಗಿಸಿ, ಎಂಜಿನ್ ಆರಿಸಿ, ಕೆಳಗಿಳಿದು ನಿಂತಾಗಲೇ ನನಗೆ ತಪ್ಪು ಹೊಳೆದದ್ದು. ಒಂದು ವರ್ಷದಲ್ಲಿ ಮೊದಲ ಸಲ ನಾನು ನೆಲ ನೋಡದೆ ಗಾಡಿ ನಿಲ್ಲಿಸಿದ್ದೆ. ಕಣ್ಣು ಹಾಯುವವರೆಗೂ ಎರೆ ನೆಲ, ಒಂದು ಗೇಣಿನ ಏರಿಲ್ಲ, ಇಳಿವಿಲ್ಲ. ಮೂವತ್ತೆರಡು ವರ್ಷದ ಸರ್ವೇಯರ್ ಹೀಗೆ ಮರೆಯಬೇಕಾದರೆ ಅವನ ಮನಸ್ಸು ಬೇರೆಲ್ಲೋ ಇತ್ತು ಎಂದೇ ಅರ್ಥ.

ದ್ಯಾಮಣ್ಣ ಮರ್ಯಾದಸ್ಥ. ಆಡಿನ ಹಾಲಿನ ಚಹಾ ಕೊಟ್ಟ. ಅವನ ತಾಯಿ ಹನುಮವ್ವ, ಎಂಬತ್ತರ ಆಸುಪಾಸಿನ ಮುದುಕಿ, ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ನಾವು ಕಾಗದ ಬಿಚ್ಚುವಷ್ಟರಲ್ಲಿ ನೀಲಮ್ಮ ಗಾಡಿಯ ಮುಂದಿನ ಸೀಟಿನ ಮೇಲೆ ಕುಬಸ ಹಾಸಿ, ಐದು ಸಲ ಬೊಗಸೆ ತುಂಬ ಅಕ್ಕಿ ಸುರಿದು, ಕೊಬ್ಬರಿ ಇಟ್ಟು, ಸ್ಟೇರಿಂಗಿಗೆ ಕುಂಕುಮ ಹಚ್ಚಿದಳು. ನನಗೆ ನಾಚಿಕೆಯಾಗಿ ಕಾಗದಗಳನ್ನು ಮತ್ತೊಮ್ಮೆ ಜೋಡಿಸಿಕೊಂಡೆ.

ಆಮೇಲೆ ದ್ಯಾಮಣ್ಣ ಒಮ್ಮೆ ಚಾಲು ಮಾಡಿ ನೋಡುವೆನೆಂದು ಬಾಗಿಲಲ್ಲೇ ನಿಂತು ಕೈ ಚಾಚಿ ಕೀಲಿ ತಿರುವಿದ. ಕಟ್. ಮತ್ತೆ ತಿರುವಿದ. ಕಟ್.

ನಾನು ಸತ್ಯ ಹೇಳಲೇಬೇಕಾಯಿತು. ಫೋನಿನಲ್ಲಿ ‘ಸಣ್ಣಪುಟ್ಟ ರಿಪೇರಿ’ ಎಂದಿದ್ದು ಇದನ್ನೇ ಎಂದೆ. ಅವನು ಗಲ್ಲ ಕೆರೆದುಕೊಂಡ. ಸಿಟ್ಟಾಗಲಿಲ್ಲ, ಮೆಲ್ಲಗೆ, ಬಹಳ ವಿನಯದಿಂದ, ಹಿಂದೆ ಸರಿಯತೊಡಗಿದ. ಆಗಸ್ಟಿಗೆ ಅವಧಿ ಮುಗಿಯುತ್ತದೆ, ಪಾಸಾಗುತ್ತದೋ ಇಲ್ಲವೋ, ಡೀಸೆಲ್ ಗಾಡಿಯನ್ನೇ ಬಂದ್ ಮಾಡುತ್ತಾರೆ ಎಂದು ಊರಲ್ಲೂ ಅನ್ನುತ್ತಾರೆ, ಸ್ವಲ್ಪ ವಿಚಾರ ಮಾಡಿ ಹೇಳುತ್ತೇನೆ ಸಾಹೇಬ್ರ ಎಂದ. ವ್ಯವಹಾರ ಮುರಿಯಿತು ಎಂದು ನನಗೆ ಗೊತ್ತಾಯಿತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು: ನನಗೆ ದುಃಖವಾಗಲಿಲ್ಲ. ಒಳಗೊಳಗೇ ಖುಷಿಯಾಯಿತು, ನಗು ತಡೆಯಲು ಮೀಸೆ ತೀಡಿಕೊಂಡೆ. ನೀಲಮ್ಮನಂತೂ ಆಗಲೇ ಕೊಬ್ಬರಿ ಬಟ್ಟಲನ್ನು ಎತ್ತಿಕೊಳ್ಳಲು ಬಾಗಿದ್ದಳು.

“ಏ ತಂಗಿ, ಮುಟ್ಟಬ್ಯಾಡ ಅದನ್ನ,” ಎಂದಳು ಹೊಸ್ತಿಲಲ್ಲಿದ್ದ ಹನುಮವ್ವ. ಕೋಲೂರಿ ಎದ್ದು ಬಂದು ಗಾಡಿಯ ಮುಂದೆ ನಿಂತು ಮಗನಿಗೆ ಹೇಳಿದಳು: “ಉಡಿ ತುಂಬಿಸಿಕೊಂಡು ನಮ್ಮ ಅಂಗಳಕ್ಕ ಬಂದಾಳ. ಹೊಳ್ಳಿ ಕಳಸೂದು ನಮ್ಮ ಮನಿತನದಾಗ ಇಲ್ಲ.”

ದ್ಯಾಮಣ್ಣ ಅದು ಗಾಡಿ ಎಂದು ತಾಯಿಗೆ ವಿವರಿಸಲು ನೋಡಿದ. ತನಗೆ ಕಣ್ಣು ಕಾಣಿಸುತ್ತದೆ ಎಂದಳು ಮುದುಕಿ. ಬೇಡವಾಗಿದ್ದರೆ ಉಡಿ ತುಂಬುವ ಮೊದಲು ಹೇಳಬೇಕಿತ್ತು, ಈಗ ಮುಗಿಯಿತು. ಹೀಗೆ, ಮಾರಲು ಮನಸ್ಸಿಲ್ಲದ ನೀಲಮ್ಮ ತನ್ನ ಕೈಯಿಂದಲೇ ವ್ಯವಹಾರ ಪಕ್ಕಾ ಮಾಡಿದ್ದಳು. ಅವಳ ಮುಖ ಸಣ್ಣದಾಯಿತು. ನನ್ನದೂ ಆಗಿರಬೇಕು, ಏಕೆಂದರೆ ಹನುಮವ್ವ ಇಬ್ಬರನ್ನೂ ನೋಡಿ ದನಿ ಇಳಿಸಿದಳು.

“ಮಾರಿ ಯಾಕ ಸಣ್ಣ ಮಾಡ್ತೀರಿ? ಮೊದಲ ಪಂಚಮಿಗೆ ಹೆಣ್ಣು ತವರಿಗೇ ಬರಬೇಕಲ್ಲ. ನಾ ಕಳಸ್ತೀನಿ. ಮೊದಲನೇ ಬಾಣಂತನ ಹೆಂಗೂ ತವರಿನವರದಾ.”

ಮೊದಲನೆಯ ಬಾಣಂತನ ಎಂದರೇನು ಎಂದು ನನಗೆ ಹೊಳೆಯಲು ಒಂದು ನಿಮಿಷ ಹಿಡಿಯಿತು. ದ್ಯಾಮಣ್ಣನಿಗೆ ತಕ್ಷಣ ಹೊಳೆಯಿತು, ಅವನ ಮುಖ ಅರಳಿತು. ನಾಗರಪಂಚಮಿ ಬರುವುದು ಶ್ರಾವಣದಲ್ಲಿ. ನೋಂದಣಿ ಮುಗಿಯುವುದೂ ಶ್ರಾವಣದಲ್ಲಿ. ಹಬ್ಬಕ್ಕೆ ಕೊಪ್ಪಳಕ್ಕೆ ಬಂದ ಬೆಳ್ಳವ್ವನ ಸೆಲ್ಫ್, ನಾಜಲ್ಲು, ಪರೀಕ್ಷೆ, ಐದು ವರ್ಷದ ನವೀಕರಣ, ಎಲ್ಲವೂ ತವರಿನವರ ಪಾಲು. ಹೆಸರು ಬದಲಾವಣೆ ಅದೆಲ್ಲ ಆದ ಮೇಲೆ. ಯಾವ ತೊಂದರೆಯಿಂದ ಪಾರಾಗಲು ಗಾಡಿ ಮಾರಲು ಬಂದಿದ್ದೆನೋ ಅದೇ ತೊಂದರೆಯನ್ನು ಎಲೆ ಅಡಿಕೆಯ ಸಮೇತ ನನ್ನ ಕೈಗೆ ಕೊಟ್ಟಿದ್ದರು, ಗಾಡಿ ಮಾತ್ರ ಅವರದು. ಮೋಸ ಹೋದೆನಲ್ಲ ಎಂದು ಸಿಟ್ಟು ಬರಬೇಕಿತ್ತು. ಆಗಲಿ ಬೇ ಯವ್ವಾ ಎಂದುಬಿಟ್ಟೆ. ಅಷ್ಟು ಬೇಗ ನಾನು ಯಾರ ಮಾತಿಗೂ ಒಪ್ಪಿದವನಲ್ಲ ಎಂದು ನೀಲಮ್ಮ ಆಮೇಲೆ ಹೇಳಿದಳು.

ಉಳಿದದ್ದು ಒಂದೇ ಸಮಸ್ಯೆ. ಅಲ್ಲಿಯವರೆಗೆ ಸಪಾಟು ನೆಲದಲ್ಲಿ ಗಾಡಿ ಚಾಲು ಮಾಡುವುದು ಹೇಗೆ? ಹೊಸ ಮನೆಯ ನೆಲಕ್ಕೆಂದು ತರಿಸಿದ ಎರಡು ಟ್ರ್ಯಾಲಿ ಗರಸು ಮಣ್ಣು ಹಿತ್ತಲಲ್ಲಿ ಬಿದ್ದಿತ್ತು. ನಾನು ಅಂಗಿಯ ತೋಳು ಮಡಿಸಿದೆ. ಹಗ್ಗ ಹಿಡಿಸಿ, ಗೂಟ ನೆಡಿಸಿ, ಅಂಗಳದ ಅಂಚಿನಲ್ಲಿ ಗುರುತು ಹಾಕಿದೆ. ದ್ಯಾಮಣ್ಣ, ಅವನ ಇಬ್ಬರು ತಮ್ಮಂದಿರು ಸಲಿಕೆ ಬುಟ್ಟಿ ಹಿಡಿದರು. ಮೂರು ತಾಸಿನಲ್ಲಿ ಸೊಂಟದೆತ್ತರದ, ಹಿಂದಿನಿಂದ ಹತ್ತಿ ಮುಂದಕ್ಕೆ ಇಳಿಯುವ ದಿಬ್ಬ ಎದ್ದಿತು. ನಡುವೆ ಸಜ್ಜೆ ರೊಟ್ಟಿ ಮೊಸರು ಬಂತು. ಎಲ್ಲರೂ ಸೇರಿ ಬೆಳ್ಳವ್ವನನ್ನು ತಳ್ಳಿ ಚಾಲು ಮಾಡಿ ದಿಬ್ಬಕ್ಕೆ ಹತ್ತಿಸಿದೆವು. ನಾನು ಆರಿಸಿ, ಉರುಳಿಸಿ, ಎರಡನೆಯ ಗೇರು ಹಾಕಿ ತೋರಿಸಿದೆ. ಮೊದಲನೆಯ ಸಲಕ್ಕೇ ಎದ್ದಳು. ದ್ಯಾಮಣ್ಣನಿಗೂ ಮೂರು ಸಲ ಮಾಡಿಸಿ, ಕ್ಲಚ್ಚು ಮೆಲ್ಲಗೆ ಬಿಡು, ಬೈಯಬೇಡ, ಗಂಗಾವತಿಗೇ ಒಯ್ಯಿ ಎಂದು ಹೇಳಿದೆ. ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತೀರಿ ಎಂದು ನೀಲಮ್ಮ ತೋಳು ಜಗ್ಗಿದಳು.

ಹೊರಡುವಾಗ ಹನುಮವ್ವ ನೀಲಮ್ಮನಿಗೂ ಉಡಿ ತುಂಬಿದಳು. ನಾಲ್ಕೂವರೆಯ ಕೊಪ್ಪಳ ಬಸ್ಸು ಕೈ ಮಾಡಿದ್ದಕ್ಕೆ ಮನೆಯ ಮುಂದೆಯೇ ನಿಂತಿತು. ನೀಲಮ್ಮನಿಗೆ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ಟು, ನನಗೆ ಮೂವತ್ತು ರೂಪಾಯಿ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾವು ಹತ್ತುವಾಗ ಆರಿಹೋಗಿದ್ದ ಬಸ್ಸಿನ ಎಂಜಿನ್, ಡ್ರೈವರ್ ಕೀಲಿ ತಿರುವಿದೊಡನೆ ಮತ್ತೆ ಚಾಲು ಆದದ್ದು ನನಗೆ ಒಂಥರಾ ಅನ್ನಿಸಿತು.

ತಿರುಗಿ ನೋಡಿದೆ. ಎರೆ ಹೊಲ ನಾಲ್ಕೂ ದಿಕ್ಕಿಗೆ ಹಾಸಿಕೊಂಡಿತ್ತು, ಅದರ ನಡುವೆ ಕೆಂಪು ಗರಸಿನ ಒಂದೇ ಒಂದು ದಿಬ್ಬ, ಅದರ ಮೇಲೆ ಬಿಳಿ ಗಾಡಿ. ಅಂಥ ಸಪಾಟು ನೆಲದಲ್ಲಿ ಎಷ್ಟು ದೂರ ಹೋದರೂ ಅದು ಮರೆಯಾಗಲಿಲ್ಲ. ಭಾನಾಪುರದ ತಿರುವಿನವರೆಗೂ ನಾನು ಕತ್ತು ಹೊರಳಿಸಿಕೊಂಡೇ ಇದ್ದೆ.

ನೀಲಮ್ಮ ಉಡಿಯ ಅಕ್ಕಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದಳು. “ಪಂಚಮಿಗೆ ಇನ್ನಾ ಎಷ್ಟು ದಿನ ಐತ್ರಿ?”

“ನಲವತ್ತೈದು,” ಎಂದೆ. ನನಗೆ ಕ್ಯಾಲೆಂಡರ್ ನೋಡುವ ಅಗತ್ಯವಿರಲಿಲ್ಲ, ದಿಬ್ಬಕ್ಕೆ ಗೂಟ ನೆಡಿಸುವಾಗಲೇ ಎಣಿಸಿಯಾಗಿತ್ತು.